ಭದ್ರಾವತಿಯ ಹಾಡು, ಲೀಡ್ಸಿನ ತಟ್ಟೆ

ಇಂಗ್ಲೆಂಡಿನ ಲೀಡ್ಸ್ ನಗರದ ನಾಲ್ವರು ಹುಡುಗರ ತಂಡ ‘ಗ್ಯಾಂಗ್ ಆಫ್ ಫೋರ್’ ತನ್ನ ಮೊದಲ ಆಲ್ಬಮ್ ‘ಎಂಟರ್‌ಟೇನ್‌ಮೆಂಟ್!’ ಅನ್ನು ಹೊರತಂದದ್ದು 1979ರ ಸೆಪ್ಟೆಂಬರಿನಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳು ಮೊದಲ ಸಲ ಒಟ್ಟಾಗಿ ಸೇರಿದ್ದರು. ಸಿದ್ದಲಿಂಗಯ್ಯನವರ ‘ಸಾವಿರಾರು ನದಿಗಳು’ ಕವನ ಸಂಕಲನ ಬಂದದ್ದೂ ಆ ವರ್ಷವೇ. ಅದಕ್ಕೆ ನಾಲ್ಕೈದು ವರ್ಷ ಮೊದಲು ಭದ್ರಾವತಿಯಲ್ಲಿ ಹುಟ್ಟಿಕೊಂಡಿದ್ದ ದಲಿತ ಸಂಘರ್ಷ ಸಮಿತಿ ಅಷ್ಟರಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಹಾಡು ಹೊತ್ತುಕೊಂಡು ಹೊರಟಿತ್ತು. ಲೀಡ್ಸಿನವರ ಸುದ್ದಿ ಭದ್ರಾವತಿಗೆ ಗೊತ್ತಿರಲಿಲ್ಲ, ಭದ್ರಾವತಿಯ ಸುದ್ದಿ ಲೀಡ್ಸಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಆದರೂ ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಹೋರಾಟದ ಹಾಡುಗಳ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಸಾಹಿತ್ಯದ ಮೇಲೆಯೇ, ಅಂದರೆ ಹಾಡಿನ ಮಾತಿನ ಮೇಲೆಯೇ ನಿಂತುಬಿಟ್ಟಿದೆ. ಹಾಡನ್ನು ಯಾರು ಹಾಡಿದರು, ಯಾವ ವಾದ್ಯ ಹಿಡಿದು ಹಾಡಿದರು, ಯಾವ ಬೀದಿಯಲ್ಲಿ ನಿಂತು ಹಾಡಿದರು ಎಂಬುದನ್ನು ಕೇಳುವವರು ಕಡಿಮೆ. ಹಾಡಿನ ಅರ್ಧ ರಾಜಕೀಯ ಇರುವುದು ಅಲ್ಲೇ. ಲೀಡ್ಸಿನ ಆಲ್ಬಮ್ ಇದನ್ನು ಬಲು ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ನಮ್ಮ ಶಿವಮೊಗ್ಗ, ಭದ್ರಾವತಿಯ ಅನುಭವ ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ.

ಮೊದಲು ಆ ಆಲ್ಬಮ್ಮಿನ ಮಾತು. 1976ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಪಂಕ್ ಎಂಬ ಒರಟು, ವೇಗದ ರಾಕ್ ಸಂಗೀತ ಎದ್ದಿತು. ಅದರ ಸಿಟ್ಟು ನಿಜವಾದದ್ದು, ಆದರೆ ಸಂಗೀತದ ಕಟ್ಟಡ ಹಳೆಯದೇ. ಹಿಂದಿನವರು ನಿಧಾನವಾಗಿ ನುಡಿಸಿದ್ದನ್ನು ಇವರು ಜೋರಾಗಿ, ಬೇಗನೆ ನುಡಿಸಿದರು, ಅಷ್ಟೇ. ಅದರ ಬೆನ್ನಿಗೇ ಬಂದವರನ್ನು ಪೋಸ್ಟ್-ಪಂಕ್ ಎಂದು ಕರೆಯುತ್ತಾರೆ. ಮಾತು ಬದಲಾದರೆ ಸಾಲದು, ಸಂಗೀತ ಕಟ್ಟುವ ರೀತಿಯೂ ಬದಲಾಗಬೇಕು ಎಂದು ಹಟ ಹಿಡಿದವರು ಇವರು. ಗ್ಯಾಂಗ್ ಆಫ್ ಫೋರ್ ಅಂಥದೇ ಒಂದು ತಂಡ: ಲೀಡ್ಸ್ ವಿಶ್ವವಿದ್ಯಾಲಯದ ಕಲಾ ವಿಭಾಗದ ವಿದ್ಯಾರ್ಥಿಗಳಾಗಿದ್ದ ಗಾಯಕ ಜಾನ್ ಕಿಂಗ್ ಮತ್ತು ಗಿಟಾರ್ ನುಡಿಸುವ ಆಂಡಿ ಗಿಲ್, ಜೊತೆಗೆ ಬೇಸ್ ನುಡಿಸುವ ಡೇವ್ ಆ್ಯಲನ್, ಡ್ರಮ್ಸ್‌ಗೆ ಹ್ಯೂಗೋ ಬರ್ನಮ್. ನಾಟಕಕಾರ ಬ್ರೆಕ್ಟ್ ಮತ್ತು ಮಾರ್ಕ್ಸ್ ಓದಿಕೊಂಡಿದ್ದ, ಗೊದಾರ್ ಸಿನಿಮಾ ನೋಡಿದ್ದ ಹುಡುಗರು. ಊರಿನಲ್ಲಿ ನ್ಯಾಷನಲ್ ಫ್ರಂಟ್ ಎಂಬ ಜನಾಂಗದ್ವೇಷಿ ಪಕ್ಷದ ಹಾವಳಿ. ಅದಕ್ಕೆ ಎದುರಾಗಿ ‘ರಾಕ್ ಅಗೇನ್‌ಸ್ಟ್ ರೇಸಿಸಂ’ ಎಂಬ ಚಳವಳಿ. 1979ರ ಮೇ ತಿಂಗಳಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದರು. ಇಷ್ಟು ಹಿನ್ನೆಲೆ ಸಾಕು.

ಆಲ್ಬಮ್ ಕೇಳಿದವರ ಗಮನ ಮೊದಲು ಹೋಗುವುದು ಗಿಟಾರಿನ ಕಡೆಗೆ. ರಾಕ್ ಸಂಗೀತದಲ್ಲಿ ಗಿಟಾರ್ ಎಂದರೆ ಊರಗೌಡ ಇದ್ದ ಹಾಗೆ. ಎಲ್ಲರೂ ಅದಕ್ಕೆ ದಾರಿ ಬಿಟ್ಟುಕೊಡಬೇಕು, ಅದು ನಡುವೆ ನಿಂತು ಉದ್ದುದ್ದ ಮೆರೆಯಬೇಕು. ಆಂಡಿ ಗಿಲ್ ಆ ಗೌಡಿಕೆಯನ್ನೇ ಬಿಟ್ಟುಬಿಟ್ಟರು. ಬೆಚ್ಚನೆಯ, ದಪ್ಪ ನಾದ ಕೊಡುವ ವಾಲ್ವ್ ಆಂಪ್ಲಿಫೈಯರ್ ಬದಿಗಿಟ್ಟು, ತಣ್ಣಗೆ ಹರಿತವಾಗಿ ಕೇಳಿಸುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಬಳಸಿದರು. ಒಂದೆರಡು ಏಟು ತಂತಿಯ ಮೇಲೆ ಕೆರೆದ ಹಾಗೆ, ಆಮೇಲೆ ಸುಮ್ಮನೆ. ಆ ಖಾಲಿ ಜಾಗದಲ್ಲಿ ಬೇಸ್ ರಾಗ ಹಿಡಿಯುತ್ತದೆ, ಡ್ರಮ್ಸ್ ಮಾತಾಡುತ್ತದೆ. ನಾಲ್ವರಿಗೂ ಸಮಪಾಲು. ಸಮಾನತೆಯ ಬಗ್ಗೆ ಹಾಡು ಬರೆದು, ಅದನ್ನು ಹಾಡುವಾಗ ಮಾತ್ರ ಒಬ್ಬನನ್ನು ಯಜಮಾನನನ್ನಾಗಿ ಕೂರಿಸುವ ಸುಳ್ಳು ಈ ಆಲ್ಬಮ್ಮಿನಲ್ಲಿ ಇಲ್ಲ. ಕೊನೆಯ ಹಾಡು ‘ಆ್ಯಂಥ್ರಾಕ್ಸ್’ನಲ್ಲಿ ಗಿಟಾರ್ ಬಹಳ ಹೊತ್ತು ಕಿರುಚುತ್ತದೆ. ಆಮೇಲೆ ಎರಡು ದನಿ ಒಟ್ಟಿಗೇ ಬರುತ್ತವೆ. ಒಂದು ಕಿವಿಯಲ್ಲಿ ಒಬ್ಬ ಪ್ರೇಮವನ್ನು ರೋಗ ಎಂದು ಹಾಡುತ್ತಾನೆ, ಇನ್ನೊಂದು ಕಿವಿಯಲ್ಲಿ ಇನ್ನೊಬ್ಬ ತಣ್ಣಗೆ, ಪಾಠ ಹೇಳುವಂತೆ, ಪಾಪ್ ಸಂಗೀತಗಾರರೆಲ್ಲ ಪ್ರೇಮಗೀತೆಯನ್ನೇ ಯಾಕೆ ಹಾಡುತ್ತಾರೆ ಎಂದು ಚರ್ಚೆ ಮಾಡುತ್ತಾನೆ. ಎರಡನ್ನೂ ಒಂದೇ ಸಲ ಪೂರ್ತಿ ಕೇಳಿಸಿಕೊಳ್ಳುವುದು ಸಾಧ್ಯವಿಲ್ಲ. ಕೇಳುಗ ಯಾವುದಕ್ಕೆ ಕಿವಿಗೊಡಬೇಕೆಂದು ತಾನೇ ತೀರ್ಮಾನಿಸಬೇಕು.

ಉತ್ತರ ಐರ್ಲೆಂಡಿನ ಸೆರೆಮನೆಯ ಚಿತ್ರಹಿಂಸೆ, ದುಡಿಮೆ ಮುಗಿದ ಮೇಲೆ ಸಿಗುವ ಬಿಡುವನ್ನೂ ಮಾರಾಟದ ಸರಕು ಮಾಡುವ ಮಾರುಕಟ್ಟೆ, ಗಂಡು ಹೆಣ್ಣಿನ ನಡುವೆ ನಡೆಯುವ ಕೊಡು-ಕೊಳ್ಳುವಿಕೆ, ಇವೆಲ್ಲ ಹಾಡಿನ ವಸ್ತುಗಳು. ಕೆಂಪು ಬಣ್ಣದ ಮುಖಪುಟದಲ್ಲಿ ಒಬ್ಬ ಕೌಬಾಯ್ ಮತ್ತು ಅಮೆರಿಕದ ಒಬ್ಬ ಮೂಲನಿವಾಸಿ ಕೈಕುಲುಕುವ ಚಿತ್ರ ಮೂರು ಸಲ ಬರುತ್ತದೆ. ಮೂಲನಿವಾಸಿ ನಗುತ್ತಿರುವುದು ಎದುರಿನವನು ಗೆಳೆಯ ಎಂದು ನಂಬಿ. ಕೌಬಾಯ್ ನಗುತ್ತಿರುವುದು ಇವನು ನಂಬಿದನಲ್ಲ, ಇನ್ನು ಸುಲಿಯಬಹುದು ಎಂದು. ಮಲೆನಾಡಿನ ಗೇಣಿದಾರರ ಕಥೆ ಬಲ್ಲವರಿಗೆ ಈ ಚಿತ್ರವನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಇಂಥ ಕೈಕುಲುಕಾಟಗಳ ಕಥೆಯ ಮುಂದಿನ ಅಧ್ಯಾಯ.

ಇನ್ನು ನಮ್ಮ ಕಡೆ.

ಭದ್ರಾವತಿ ಕಬ್ಬಿಣದ ಊರು. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲ ಕಾಡಿನ ಮರದ ಇದ್ದಿಲು, ಭದ್ರಾ ನದಿಯ ನೀರು. ಆಮೇಲೆ 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. ತಮಿಳು, ತೆಲುಗು, ಮಲಯಾಳ, ಉರ್ದು ಮಾತಾಡುವ ಕಾರ್ಮಿಕರು ಬಂದು ನೆಲೆಸಿದರು. ಜಾತಿಯ ಕಣ್ಣು ತಪ್ಪಿಸಿಕೊಳ್ಳಲು ಆಗದ ಹಳ್ಳಿಗಳ ನಡುವೆ, ಹಾಜರಿ ಪುಸ್ತಕದಲ್ಲಿ ಎಲ್ಲರಿಗೂ ಒಂದೊಂದು ನಂಬರು ಇರುವ ಊರು ಇದು. ಜಾತಿ ಅಲ್ಲಿ ಇರಲಿಲ್ಲ ಎಂದಲ್ಲ. ಆದರೆ ತಿಂಗಳ ಸಂಬಳ, ಕಾರ್ಮಿಕ ಸಂಘದ ಅನುಭವ, ಮಕ್ಕಳನ್ನು ಓದಿಸಲು ಹತ್ತಿರದಲ್ಲೇ ಒಂದು ಕಾಲೇಜು, ಇವು ಮೂರೂ ಒಂದೆಡೆ ಸಿಕ್ಕ ದಲಿತ ಕುಟುಂಬಗಳು ಆ ಕಾಲದ ಕರ್ನಾಟಕದಲ್ಲಿ ಎಷ್ಟಿದ್ದವು? ಪೋಸ್ಟ್-ಪಂಕ್ ಕೂಡ ಲೀಡ್ಸ್, ಷೆಫೀಲ್ಡ್, ಮ್ಯಾಂಚೆಸ್ಟರ್‌ಗಳಂಥ ಕಾರ್ಖಾನೆ ಊರುಗಳಲ್ಲಿ ಬೆಳೆಯಿತು. ಷೆಫೀಲ್ಡ್ ಅಂತೂ ಭದ್ರಾವತಿಯ ಹಾಗೆ ಉಕ್ಕಿನ ಊರು. ಕಾರ್ಖಾನೆ ಮತ್ತು ಕಾಲೇಜು ಒಂದೇ ಊರಿನಲ್ಲಿ ಇರುವ ಕಡೆ ಪುಸ್ತಕದ ಮಾತಿಗೆ ದುಡಿಮೆಯ ಮೈ ಸಿಗುತ್ತದೆ ಎಂದು ನಾನು ನಂಬಿದ್ದೇನೆ.

ಭದ್ರಾವತಿಯ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವರು ಪ್ರೊ. ಬಿ. ಕೃಷ್ಣಪ್ಪ. 1938ರಲ್ಲಿ ಹರಿಹರದಲ್ಲಿ ಹುಟ್ಟಿದವರು. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದದ್ದು, ಅದರ ಬೆನ್ನಿಗೇ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ನಡೆದದ್ದು, ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಗಿ ಬಂದದ್ದು ಎಲ್ಲರಿಗೂ ಗೊತ್ತಿರುವ ಚರಿತ್ರೆ. ಆ ಏಟು ತಿಂದ ತಲೆಮಾರೇ ಸಂಘಟನೆಯಾಯಿತು. ಭದ್ರಾವತಿಯಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿಗೆ ಕೃಷ್ಣಪ್ಪನವರು ರಾಜ್ಯ ಸಂಚಾಲಕರಾದರು. ಮೈಸೂರಿನಲ್ಲಿ ‘ಪಂಚಮ’ ಪತ್ರಿಕೆ, ದೇವನೂರ ಮಹಾದೇವ, ಗೋವಿಂದಯ್ಯ ಮುಂತಾದವರು, ಬೆಂಗಳೂರಿನಲ್ಲಿ ಸಿದ್ದಲಿಂಗಯ್ಯ, ಕೋಲಾರದ ಕಡೆ ಕೋಟಿಗಾನಹಳ್ಳಿ ರಾಮಯ್ಯ. ಸಭೆಗೆ ಭಾಷಣಕಾರರು ಬೇಕಾದಷ್ಟೇ ಹಾಡುಗಾರರೂ ಬೇಕು ಎಂಬ ತಿಳಿವಳಿಕೆ ಈ ಸಂಘಟನೆಗೆ ಮೊದಲಿನಿಂದಲೂ ಇತ್ತು. ಕೇರಿಯ ಜನರಲ್ಲಿ ಬಹುಪಾಲು ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಕರಪತ್ರ ಹಂಚಿದರೆ ಮಡಚಿ ಜೇಬಿಗಿಡುತ್ತಿದ್ದರು. ಹಾಡು ಹಾಗಲ್ಲ, ಕೇಳಿದವನ ಬಾಯಲ್ಲಿ ಊರಿಗೆ ಹೋಗುತ್ತಿತ್ತು.

ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ನವ್ಯರ ಕಾಲದ ಕವಿತೆ ಕಣ್ಣಿಗಾಗಿ ಬರೆದದ್ದು, ಒಬ್ಬನೇ ಕೂತು ಓದುವುದಕ್ಕೆ. ಇವರ ಕವಿತೆ ಗುಂಪು ಕೂಗಿ ಹಾಡುವುದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. 1947ರಲ್ಲಿ ಬಂದ ಸ್ವಾತಂತ್ರ್ಯದ ಪಾಲುದಾರರು ಯಾರು ಎಂದು ವಿಚಾರಿಸುವ ಅವರ ಹಾಡನ್ನು ಕೇಳದ ಕನ್ನಡಿಗ ಚಳವಳಿಗಾರ ಇರಲಾರ. ಅದರ ಕಟ್ಟಡವನ್ನು ಸ್ವಲ್ಪ ಗಮನಿಸಬೇಕು. ಸಾಲುಗಳು ಚಿಕ್ಕವು. ಪ್ರಾಸ ಎದುರಿಗೇ ಕಾಣುವಂಥದ್ದು. ಒಬ್ಬರು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯಬಹುದು. ಸೋಬಾನೆ, ಕೋಲಾಟ, ತತ್ವಪದ ಹಾಡಿ ಬೆಳೆದವರಿಗೆ ಇದು ಕಲಿಯಬೇಕಾದ ವಿದ್ಯೆಯೇ ಅಲ್ಲ. ಮೆರವಣಿಗೆಯ ತಲೆಯಲ್ಲಿ ಎತ್ತಿದ ಹಾಡು ಬಾಲಕ್ಕೆ ತಲುಪುವಷ್ಟರಲ್ಲಿ ಒಂದು ಸಾಲು ಹಿಂದೆ ಬಿದ್ದಿರುತ್ತದೆ. ಮುಂದಿನವರು ಹೊಸ ಸಾಲು ಹಾಡುವಾಗ ಹಿಂದಿನವರು ಹಳೆಯ ಸಾಲಿನಲ್ಲಿರುತ್ತಾರೆ. ಹಾಡು ತನ್ನ ಮೇಲೆ ತಾನೇ ಬಿದ್ದು ದಪ್ಪವಾಗುತ್ತದೆ. ಲೀಡ್ಸಿನವರು ಸ್ಟುಡಿಯೋದಲ್ಲಿ ಎರಡು ದನಿ ಕೂಡಿಸಿ ಮಾಡಿದ ಕೆಲಸ ನಮ್ಮ ಬೀದಿಯಲ್ಲಿ ತಾನಾಗಿಯೇ ಆಗುತ್ತಿತ್ತು.

ಆದರೆ ಎಲ್ಲಕ್ಕಿಂತ ದೊಡ್ಡ ಸಂಗತಿ ತಮಟೆಯದು. ಇಲ್ಲಿ ಸ್ವಲ್ಪ ನಿಲ್ಲಬೇಕು.

ತಮಟೆ, ಕೆಲವು ಕಡೆ ಹಲಗೆ. ದುಂಡನೆಯ ಚೌಕಟ್ಟಿಗೆ ಬಿಗಿದ ಚರ್ಮ. ಹೆಗಲಿಗೆ ಇಳಿಬಿಟ್ಟು ಎದೆಯ ಹತ್ತಿರ ಆನಿಸಿಕೊಳ್ಳುತ್ತಾರೆ. ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಎಡಗೈಯಲ್ಲಿ ಉದ್ದನೆಯ ತೆಳ್ಳನೆಯ ಕಡ್ಡಿ. ದಪ್ಪ ಕೋಲು ನಡುವಿಗೆ ಬಿದ್ದಾಗ ಗಟ್ಟಿ ನಾದ, ತೆಳು ಕಡ್ಡಿ ಅಂಚಿಗೆ ಬಿದ್ದಾಗ ಚಟ್ಟನೆ ಹರಿತ ನಾದ. ಮಳೆಗಾಲದಲ್ಲಿ ಮಲೆನಾಡಿನ ಥಂಡಿಗೆ ಚರ್ಮ ಮೆತ್ತಗಾಗಿ ನಾದ ಸತ್ತುಹೋಗುತ್ತದೆ. ಆಗ ಹುಲ್ಲು, ಹಳೆಯ ಕಾಗದ ಗುಡ್ಡೆಮಾಡಿ ಬೆಂಕಿ ಹಾಕಿ ತಮಟೆ ಕಾಯಿಸುತ್ತಾರೆ. ಕಾಯಿಸುವವನ ಕೈಗೆ ಅಳತೆ ಗೊತ್ತಿರಬೇಕು. ಕಡಿಮೆಯಾದರೆ ಸದ್ದು ಬಾರದು, ಹೆಚ್ಚಾದರೆ ಚರ್ಮ ಬಿರಿಯುತ್ತದೆ. ಬೆರಳಿನಿಂದ ತಟ್ಟಿ ತಟ್ಟಿ ನೋಡುತ್ತಾ, ಬೆಂಕಿಯ ಸುತ್ತ ತಮಟೆ ತಿರುಗಿಸುತ್ತಾ, ಐದಾರು ಜನ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಮೆರವಣಿಗೆ ಹೊರಡುವುದು ಆಮೇಲೆ.

ಈ ವಾದ್ಯ ಊರಿನಲ್ಲಿ ಏನಾಗಿತ್ತು? ಹೆಣ ಎತ್ತುವಾಗ, ಜಾತ್ರೆಯ ತೇರಿನ ಮುಂದೆ, ಡಂಗುರ ಸಾರುವಾಗ, ಉಳ್ಳವರ ಮನೆಯ ಮದುವೆಗೆ ಕೇರಿಯವರು ಬಂದು ಬಾರಿಸಬೇಕು. ಅದು ಬಿಟ್ಟಿ ಚಾಕರಿ. ಸುಗ್ಗಿಯಲ್ಲಿ ಒಂದಿಷ್ಟು ಕಾಳು ಸಿಕ್ಕರೆ ಸಿಕ್ಕಿತು. ದೇವರ ಮುಂದೆ ಬಾರಿಸಿದವನಿಗೆ ದೇವಸ್ಥಾನದ ಒಳಗೆ ಪ್ರವೇಶವಿಲ್ಲ. ಬಾರಿಸುವುದಿಲ್ಲ ಎಂದವರಿಗೆ ಬಹಿಷ್ಕಾರ. ಅಂಗಡಿ ಸಾಮಾನಿಲ್ಲ, ಕೂಲಿ ಕೆಲಸವಿಲ್ಲ, ನೀರಿಗೂ ತಡೆ. ಇಂಥ ಬಹಿಷ್ಕಾರದ ಸುದ್ದಿ ಇವತ್ತಿನ ಪತ್ರಿಕೆಗಳಲ್ಲೂ ಬರುತ್ತದೆ. ಹಾಗಾಗಿ ಚಳವಳಿಯೊಳಗೆ ಒಂದು ಗಂಭೀರ ತಕರಾರು ಇತ್ತು, ಈಗಲೂ ಇದೆ. ಅವಮಾನದ ಗುರುತಾದ ಈ ವಾದ್ಯವನ್ನು ನಾವು ಕೈಯಿಂದ ಇಳಿಸಬೇಕೋ, ನಮ್ಮದೆಂದು ಎತ್ತಿ ಹಿಡಿಯಬೇಕೋ? ಅಂಬೇಡ್ಕರರು ಹೇಳಿದ ದಾರಿ ಮೊದಲನೆಯದು: ಕೀಳು ಎನಿಸಿದ ಕುಲಕಸುಬುಗಳನ್ನು ಬಿಟ್ಟು ಹೊರಗೆ ಬನ್ನಿ. ಕರ್ನಾಟಕದ ದಲಿತ ಹಾಡುಗಾರರಲ್ಲಿ ಬಹುಮಂದಿ ಎರಡನೆಯ ದಾರಿ ಹಿಡಿದರು. ಊರಗೌಡ ಕರೆದಾಗ ಬಾರಿಸುವುದಿಲ್ಲ, ನಮ್ಮ ಸಭೆಯಲ್ಲಿ ಬಾರಿಸುತ್ತೇವೆ ಎಂದರು. ತಾಲ್ಲೂಕು ಕಚೇರಿಯ ಮುಂದೆ, ಪೊಲೀಸ್ ಠಾಣೆಯ ಮುಂದೆ, ಊರ ನಡುವಿನ ವೃತ್ತದಲ್ಲಿ ಅದೇ ತಮಟೆ ಸದ್ದು ಮಾಡಿತು.

ಇದರ ತೂಕ ಎಷ್ಟೆಂದು ಮೇಲುಜಾತಿಯ ಕಿವಿಗೆ ಕೂಡಲೇ ಗೊತ್ತಾಯಿತು. ಹಾಡಿನ ಸಾಹಿತ್ಯ ಕಿವಿಗೆ ಬೀಳುವ ಮೊದಲೇ ಸದ್ದು ಬೀಳುತ್ತದೆ. ಯಾರೂ ಸತ್ತಿಲ್ಲ, ಯಾವ ಜಾತ್ರೆಯೂ ಇಲ್ಲ, ಯಾರೂ ಹೇಳಿಕಳಿಸಿಲ್ಲ. ಆದರೂ ತಮಟೆ ಊರ ಬೀದಿಗೆ ಬಂದಿದೆ. ಆ ಹಾಡಿನಲ್ಲಿ ಒಂದೇ ಒಂದು ಮಾತಿಲ್ಲದಿದ್ದರೂ ಅದು ರಾಜಕೀಯವೇ. ಆಂಡಿ ಗಿಲ್ ಗಿಟಾರಿನ ಯಜಮಾನಿಕೆ ಕಿತ್ತರು. ಇಲ್ಲಿ ಊರಿನ ಯಜಮಾನರ ಕೈಯಿಂದ ವಾದ್ಯವನ್ನೇ ಬಿಡಿಸಿಕೊಂಡರು. ಎರಡರಲ್ಲಿ ಯಾವುದು ಹೆಚ್ಚು ಕಷ್ಟದ ಕೆಲಸ ಎಂದು ಕೇಳಿದರೆ ನನ್ನ ಉತ್ತರದಲ್ಲಿ ಅನುಮಾನವಿಲ್ಲ. ಲೀಡ್ಸಿನ ಹುಡುಗರು ಕಳೆದುಕೊಳ್ಳಬಹುದಾಗಿದ್ದು ಹೆಚ್ಚೆಂದರೆ ಒಂದು ಒಪ್ಪಂದ. 1979ರಲ್ಲಿ ಬಿಬಿಸಿಯ ಜನಪ್ರಿಯ ಟಿವಿ ಕಾರ್ಯಕ್ರಮಕ್ಕೆ ಹೋದಾಗ, ಹಾಡಿನಲ್ಲಿ ನಿರೋಧ್ ಸೂಚಿಸುವ ಒಂದು ಪದ ಬದಲಿಸಿ ಎಂದದ್ದಕ್ಕೆ ಅವರು ಎದ್ದು ಹೊರನಡೆದರು. ಅದರಿಂದ ಅವರ ಹಾಡಿನ ಮಾರಾಟಕ್ಕೆ ಪೆಟ್ಟು ಬಿತ್ತು. ಹಳ್ಳಿಯಲ್ಲಿ ತಮಟೆ ಬಾರಿಸಲು ಒಲ್ಲೆ ಎಂದವನಿಗೆ ಬಿದ್ದ ಪೆಟ್ಟು ಮೈಮೇಲೆ.

ಇದೇ ಹೊತ್ತಿನಲ್ಲಿ ಶಿವಮೊಗ್ಗಕ್ಕೆ ಇನ್ನೊಂದು ಸಂಗೀತದ ಹೆಸರೂ ಇತ್ತು. ಹೊಸನಗರ ತಾಲ್ಲೂಕಿನ ‘ನಗರ’ ಎಂಬ ಊರಿನಿಂದ ಬಂದ ವಕೀಲ ಜಿ. ಸುಬ್ರಹ್ಮಣ್ಯ, ಅಂದರೆ ನಮ್ಮೆಲ್ಲರ ಶಿವಮೊಗ್ಗ ಸುಬ್ಬಣ್ಣ, ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರ ಪ್ರಶಸ್ತಿ ಪಡೆದರು. ಹಿನ್ನೆಲೆ ಗಾಯನದಲ್ಲಿ ಕನ್ನಡಕ್ಕೆ ಬಂದ ಮೊದಲ ರಾಷ್ಟ್ರ ಪ್ರಶಸ್ತಿ ಅದು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳಿದ ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿಯವರ ರಾಗದಲ್ಲಿ 1978ರಲ್ಲಿ ಕ್ಯಾಸೆಟ್ಟಾಗಿ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದನ್ನು ಗುರುತಿಸುತ್ತಾರೆ. ಭದ್ರಾವತಿಯಲ್ಲಿ 1965ರಿಂದಲೇ ಆಕಾಶವಾಣಿ ಕೇಂದ್ರವಿತ್ತು. ಮಲೆನಾಡಿನ ಮನೆಗಳಿಗೆ ಭಾವಗೀತೆ ತಲುಪಿದ್ದು ಬಹುಮಟ್ಟಿಗೆ ಆ ಕೇಂದ್ರದ ಮೂಲಕ. ಈ ಹಾಡುಗಳ ಬಗ್ಗೆ ನನಗೆ ತುಂಬು ಪ್ರೀತಿ ಇದೆ. ಸುಬ್ಬಣ್ಣನವರ ದನಿ ಏರುವ ಜಾಗಗಳಲ್ಲಿ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಒಂದೇ ಊರಿನಲ್ಲಿ ಆಕಾಶವಾಣಿಯೂ ದಲಿತ ಸಂಘರ್ಷ ಸಮಿತಿಯೂ ಇದ್ದಾಗ, ಒಂದರ ಸದ್ದು ಇನ್ನೊಂದರ ಮೈಕಿಗೆ ಯಾಕೆ ದಾಟಲಿಲ್ಲ?

ಉತ್ತರ ಊಹಿಸಲು ಕಷ್ಟವಿಲ್ಲ. ಆಕಾಶವಾಣಿ ಸರ್ಕಾರದ್ದು. ಸಮಿತಿ ಬೆಳೆದ ಮೊದಲ ದಿನಗಳು ತುರ್ತುಪರಿಸ್ಥಿತಿಯ ದಿನಗಳು. ಗ್ರಾಮಫೋನ್ ತಟ್ಟೆಯ ಮಾರುಕಟ್ಟೆ ಬಹಳ ಕಾಲ ಎಚ್‌ಎಂವಿಯ ಹಿಡಿತದಲ್ಲಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ‘ಎಂಟರ್‌ಟೇನ್‌ಮೆಂಟ್!’ ಹೊರತಂದ ಇಎಂಐ ಕಂಪನಿಯ ಭಾರತದ ಶಾಖೆಯೇ ಈ ಎಚ್‌ಎಂವಿ. ಬಂಡವಾಳದ ವಿರುದ್ಧ ಹಾಡುವವರಿಗೆ ಇಂಗ್ಲೆಂಡಿನಲ್ಲಿ ತಟ್ಟೆ ಒತ್ತಿಕೊಟ್ಟ ಬಂಡವಾಳಕ್ಕೆ ಇಲ್ಲಿ ಕೊಳ್ಳುವ ಶಕ್ತಿ ಇದ್ದವರ ಅಭಿರುಚಿಯಷ್ಟೇ ಬೇಕಾಗಿತ್ತು. ಕೇರಿಯಲ್ಲಿ ಗ್ರಾಮಫೋನ್ ಕೊಳ್ಳುವವರು ಎಲ್ಲಿದ್ದರು? 80ರ ದಶಕದಲ್ಲಿ ಅಗ್ಗದ ಟೇಪ್‌ರೆಕಾರ್ಡರ್ ಬಂದು ಈ ಹಿಡಿತ ಸಡಿಲಿದಾಗ ಹೋರಾಟದ ಹಾಡುಗಳೂ ಕ್ಯಾಸೆಟ್ಟಿಗೆ ಬಂದವು. ಅಷ್ಟರಲ್ಲಿ ಮೊದಲ ಹತ್ತು ವರ್ಷದ ದನಿಗಳು ಗಾಳಿಗೆ ಹೋಗಿದ್ದವು. ‘ಎಂಟರ್‌ಟೇನ್‌ಮೆಂಟ್!’ನ ಒಂದೊಂದು ಡ್ರಮ್ ಏಟನ್ನೂ ಇವತ್ತು ಮತ್ತೆ ಕೇಳಬಹುದು. 1976ರಲ್ಲಿ ಭದ್ರಾವತಿಯ ಸಭೆಯೊಂದರಲ್ಲಿ ತಮಟೆ ಹೇಗೆ ಕೇಳಿಸಿತೆಂದು ಅಲ್ಲಿದ್ದವರ ನೆನಪನ್ನೇ ಕೇಳಬೇಕು, ಅವರೂ ಈಗ ಎಪ್ಪತ್ತು ದಾಟಿದವರು.

ಬ್ರೆಕ್ಟ್ ಎರಡು ಕಡೆಗೂ ಹತ್ತಿರದವನು. 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡ ಪ್ರಸನ್ನ ನಿರ್ದೇಶಿಸಿದ ‘ತಾಯಿ’ಯಂಥ ನಾಟಕಗಳಲ್ಲಿ, ಆಮೇಲೆ ಜಾಥಾಗಳಲ್ಲಿ, ಬೀದಿ ನಾಟಕಗಳಲ್ಲಿ ಹಾಡನ್ನು ಕಥೆಯ ನಡುವೆ ತಡೆದು ನಿಲ್ಲಿಸಿ ಯೋಚನೆಗೆ ಹಚ್ಚುವ ಉಪಾಯವಾಗಿ ಬಳಸಿತು. ಹೆಗ್ಗೋಡಿನ ನೀನಾಸಂ, ಬಿ.ವಿ. ಕಾರಂತರ ರಂಗಸಂಗೀತ, ಇವೂ ಈ ಜಿಲ್ಲೆಯ ಕಿವಿಯನ್ನು ಹದಮಾಡಿದವು. ಆದರೆ ರಂಗಗೀತೆಯ ದಾರಿ ಬೇರೆ. ಅದು ಜಾನಪದ ಮಟ್ಟನ್ನು ತಂದು ಕಲಾವಿದರ ಬಾಯಲ್ಲಿ ಹಾಡಿಸಿತು. ಸಮಿತಿಯ ಮೆರವಣಿಗೆಯಲ್ಲಿ ಮಟ್ಟು ಅದರ ಒಡೆಯರ ಬಾಯಲ್ಲೇ ಉಳಿಯಿತು.

ರೈತ ಸಂಘದ ವಿಷಯ ಇಲ್ಲಿ ಬರಲೇಬೇಕು. 1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡದ್ದು ಶಿವಮೊಗ್ಗದಲ್ಲಿ. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಈ ನೆಲದವರು. ಹಸಿರು ಶಾಲು ಹೊದ್ದ ಮೆರವಣಿಗೆಗೂ ಹಾಡು ಬೇಕಾಯಿತು. ಕುವೆಂಪು ಅವರ ‘ನೇಗಿಲಯೋಗಿ’ ಸಿದ್ಧವಾಗಿಯೇ ಇತ್ತು, ಮುಂದೆ ಸರ್ಕಾರವೂ ಅದನ್ನು ರೈತಗೀತೆ ಎಂದು ಒಪ್ಪಿಕೊಂಡಿತು. ಘನವಾದ ಹಾಡು. ಆದರೆ ನೇಗಿಲು ಹಿಡಿದವನ ಹಾಡಿನಲ್ಲಿ, ಹೊಲವೇ ಇಲ್ಲದೆ ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡಿದವಳಿಗೆ ಜಾಗ ಎಲ್ಲಿ? ರೈತ ಸಂಘ ಮತ್ತು ದಲಿತ ಸಂಘರ್ಷ ಸಮಿತಿ ಒಂದೇ ಜಿಲ್ಲೆಯಲ್ಲಿ, ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಬೆಳೆದರೂ ಅವುಗಳ ಹಾಡು ಬೇರೆಬೇರೆಯಾಗಿಯೇ ಉಳಿದವು. ಭಾಷಣಗಳಲ್ಲಿ ಎರಡೂ ಕಡೆಯವರು ಐಕ್ಯದ ಮಾತಾಡಿದ್ದುಂಟು. ಹಾಡುಗಳನ್ನು ಕೇಳಿದರೆ ನಿಜಸ್ಥಿತಿ ತಿಳಿಯುತ್ತದೆ.

ಈಗ ಪ್ರಭಾವದ ಪ್ರಶ್ನೆ. ಲೀಡ್ಸಿನ ಆಲ್ಬಮ್ಮಿನ ವಂಶಾವಳಿ ಬರೆಯುವುದು ಸುಲಭ. ಅಮೆರಿಕದ ರೆಡ್ ಹಾಟ್ ಚಿಲ್ಲಿ ಪೆಪ್ಪರ್ಸ್ ತಂಡ 1984ರ ತನ್ನ ಮೊದಲ ಆಲ್ಬಮ್ಮಿಗೆ ಆಂಡಿ ಗಿಲ್ ಅವರನ್ನೇ ಕರೆಸಿ ನಿರ್ಮಾಣ ಮಾಡಿಸಿತು. ನಿರ್ವಾಣ ತಂಡದ ಕರ್ಟ್ ಕೋಬೇನ್ ತನಗೆ ಪ್ರಿಯವಾದ 50 ಆಲ್ಬಮ್ಮುಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದ್ದ. 2000ದ ನಂತರ ಫ್ರಾನ್ಜ್ ಫರ್ಡಿನೆಂಡ್, ಬ್ಲಾಕ್ ಪಾರ್ಟಿ ಮುಂತಾದ ತಂಡಗಳು ಆ ಕಡಿದು ಕಡಿದು ನುಡಿಸುವ ಗಿಟಾರನ್ನು ಕುಣಿತದ ಹಾಡುಗಳಿಗೆ ತಂದವು. 2020ರ ಫೆಬ್ರವರಿ 1ರಂದು ಗಿಲ್ ತೀರಿಕೊಂಡ ಮೇಲೆ ಬಂದ ಗೌರವದ ಆಲ್ಬಮ್ಮಿನಲ್ಲಿ ರೇಜ್ ಅಗೇನ್‌ಸ್ಟ್ ದ ಮಷೀನ್‌ನ ಟಾಮ್ ಮೊರೆಲ್ಲೊ ಕೂಡ ನುಡಿಸಿದರು. ಈ ಸರಪಳಿಯಲ್ಲಿ ಒಂದು ನೋವಿನ ಕೊಂಡಿಯೂ ಇದೆ. ಬಿಡುವನ್ನೇ ಮಾರುವ ವ್ಯಾಪಾರದ ಬಗ್ಗೆ ಬರೆದ ಅವರ ಹಾಡೊಂದು ಮುಂದೆ ಮೈಕ್ರೋಸಾಫ್ಟ್ ಕಂಪನಿಯ ಆಟದ ಯಂತ್ರದ ಜಾಹೀರಾತಿಗೆ ಬಳಕೆಯಾಯಿತು. ಅದೇ ಹಾಡು 2006ರ ‘ಮೇರಿ ಆಂಟೊನೆಟ್’ ಸಿನಿಮಾದ ಆರಂಭದಲ್ಲಿ ಬರುತ್ತದೆ. ಶೈಲಿ ಬಹಳ ದೂರ ಹೋಯಿತು, ಶೈಲಿಯನ್ನು ಹುಟ್ಟಿಸಿದ ಪ್ರಶ್ನೆ ಅಷ್ಟು ದೂರ ಹೋಗಲಿಲ್ಲ.

ನಮ್ಮಲ್ಲಿ ಆದದ್ದು ಇದಕ್ಕೆ ತೀರಾ ತಿರುಗುಮುರುಗು. ಪ್ರಶ್ನೆ ದೂರ ಹೋಯಿತು, ಹೆಸರುಗಳು ಹಿಂದೆ ಬಿದ್ದವು. ಮೈಸೂರಿನ ಜನಾರ್ದನ್, ಎಲ್ಲರೂ ಜನ್ನಿ ಎನ್ನುವವರು, ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಅವರಂಥ ಗಾಯಕರನ್ನು ನಾಡು ಬಲ್ಲದು. ಕೋಲಾರದ ತೇರಹಳ್ಳಿ ಬೆಟ್ಟದ ‘ಆದಿಮ’ ಸಾಂಸ್ಕೃತಿಕ ಕೇಂದ್ರ ಅಲ್ಲಿಯ ಹಾಡು-ಕುಣಿತಕ್ಕೆ ಒಂದು ನೆಲೆಯಾಯಿತು. ಆದರೆ ಭದ್ರಾವತಿಯ ಮೊದಲ ಸಭೆಗಳಲ್ಲಿ ಹಾಡು ಎತ್ತಿಕೊಟ್ಟವರು ಯಾರು, ಕಾರ್ಖಾನೆಯ ಪಾಳಿ ಮುಗಿಸಿ ಬಂದು ತಮಟೆ ಬಾರಿಸಿದವರು ಯಾರು, ಸೊಲ್ಲು ಹಿಡಿದ ಹೆಂಗಸರು ಯಾರು? ಹೆಂಗಸರ ಪಾಲು ಈ ಚರಿತ್ರೆಯಲ್ಲಿ ತೀರಾ ಕಡಿಮೆ ದಾಖಲಾಗಿದೆ. ನಾಟಿಗದ್ದೆಯಲ್ಲಿ ಹಾಡಿ ಪಳಗಿದ ದನಿಗಳಿಲ್ಲದೆ ಯಾವ ಸೊಲ್ಲೂ ಏಳುವುದಿಲ್ಲ ಎಂದು ಹಾಡುಗಾರರೆಲ್ಲ ಬಲ್ಲರು. ಕರಪತ್ರದಲ್ಲಿ ಭಾಷಣಕಾರರ ಹೆಸರು ಇರುತ್ತದೆ, ಹಾಡುಗಾರರದ್ದು ‘ಸಂಗಡಿಗರು’ ಎಂದು ಮುಗಿಯುತ್ತದೆ.

80ರ ದಶಕದ ಕೊನೆಗೆ ಸಮಿತಿ ಒಡೆಯಿತು. ಚುನಾವಣೆಗೆ ಯಾರ ಜೊತೆ ಹೋಗಬೇಕು ಎಂಬುದರಿಂದ ಹಿಡಿದು ನಾಯಕತ್ವದವರೆಗೆ ಹಲವು ಕಾರಣ. ಒಂದು ಬಣ ಇನ್ನೊಂದರ ವೇದಿಕೆ ಹತ್ತದ ಕಾಲ ಬಂತು. ಸಿದ್ದಲಿಂಗಯ್ಯನವರು ವಿಧಾನ ಪರಿಷತ್ತಿಗೆ ಹೋದರು, ಸಿನಿಮಾಕ್ಕೆ ಪ್ರೇಮಗೀತೆ ಬರೆದರು. ಅದಕ್ಕಾಗಿ ಅವರನ್ನು ಕಟುವಾಗಿ ಟೀಕಿಸಿದವರು ಚಳವಳಿಯಲ್ಲೇ ಇದ್ದರು. ಇಎಂಐ ಜೊತೆ ಒಪ್ಪಂದ ಮಾಡಿಕೊಂಡ ಗ್ಯಾಂಗ್ ಆಫ್ ಫೋರ್ ತಂಡದ ಮೇಲೂ ಇಂಥದೇ ಟೀಕೆ ಬಂದಿತ್ತು. ನನಗೆ ಮುಖ್ಯ ಅನ್ನಿಸುವುದು ಬೇರೆ. ಸಮಿತಿ ಎಷ್ಟು ಬಣವಾದರೂ ಹಾಡು ಬಣವಾಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡದ ಬಣಗಳು ತಮ್ಮತಮ್ಮ ಸಭೆಯಲ್ಲಿ ಒಂದೇ ಹಾಡು ಹಾಡಿದವು. 1997ರಲ್ಲಿ ಕೃಷ್ಣಪ್ಪನವರು, 2021ರ ಜೂನ್‌ನಲ್ಲಿ ಕೋವಿಡ್‌ಗೆ ತುತ್ತಾಗಿ ಸಿದ್ದಲಿಂಗಯ್ಯನವರು ಹೋದಾಗಲೂ ಎಲ್ಲ ಬಣದವರ ಬಾಯಲ್ಲಿದ್ದದ್ದು ಆ ಹಾಡುಗಳೇ. ಈಗ ಅಂಬೇಡ್ಕರ್ ಜಯಂತಿಯ ಸರ್ಕಾರಿ ವೇದಿಕೆಯಲ್ಲೂ, ಯಾವ ಸರ್ಕಾರವನ್ನು ಪ್ರಶ್ನಿಸಲು ಹುಟ್ಟಿದವೋ ಆ ಸರ್ಕಾರದ ಮಂತ್ರಿಗಳ ಎದುರಿಗೇ, ಅವನ್ನು ಹಾಡುತ್ತಾರೆ. ಇದನ್ನು ಸೋಲು ಎನ್ನುವವರಿದ್ದಾರೆ. ಮಂತ್ರಿ ಕೂತು ಕೇಳಬೇಕಾಗಿ ಬಂದದ್ದು ಸೋಲಲ್ಲ, ಕೇಳಿ ಎದ್ದುಹೋಗಿ ಸುಮ್ಮನಿರಬಹುದಾದದ್ದು ಸೋಲು ಎಂಬುದು ನನ್ನ ಅಭಿಪ್ರಾಯ.

ಪಕ್ಕದ ತಮಿಳುನಾಡಿನಲ್ಲಿ ಇನ್ನೊಂದು ದಾರಿ ತೆರೆದಿದೆ. ಸಿನಿಮಾ ನಿರ್ದೇಶಕ ಪಾ. ರಂಜಿತ್ ಅವರ ಆಸಕ್ತಿಯಿಂದ ಚೆನ್ನೈನಲ್ಲಿ ರೂಪುಗೊಂಡ ‘ದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ತಂಡ 2018ರ ಜನವರಿಯಲ್ಲಿ ಮೊದಲ ಸಲ ವೇದಿಕೆ ಏರಿತು. ಚೆನ್ನೈನ ಕೇರಿಗಳ ಹಾಡಾದ ಗಾನಾ, ಪರೈ, ರಾಕ್, ರ‍್ಯಾಪ್ ಎಲ್ಲವನ್ನೂ ಒಂದು ಮಾಡಿತು. ಪರೈ ಎಂದರೆ ತಮಿಳರ ತಮಟೆಯೇ. ಅಲ್ಲಿ ಗಿಟಾರ್ ಪರೈಯ ಪಕ್ಕದಲ್ಲಿ ನಿಂತು ಅದರ ಲಯಕ್ಕೆ ತಲೆಬಾಗುತ್ತದೆ. ನಮ್ಮಲ್ಲಿ ಸ್ವರಾತ್ಮ ತಂಡ ‘ಟೋಪಿವಾಲೆ’ಯಂಥ ಆಲ್ಬಮ್ಮಿನಲ್ಲಿ ರಾಜಕಾರಣವನ್ನು ಮುಟ್ಟಿತು. ಒಳ್ಳೆಯ ತಂಡ, ಆದರೆ ಅದರ ಕೇಳುಗರು ನಗರದವರು. ತಮಟೆಯನ್ನೂ ವಿದ್ಯುತ್ ಗಿಟಾರನ್ನೂ ಸಮಪಾಲಿನಲ್ಲಿ ಕೂರಿಸಿ, ಭದ್ರಾವತಿಯ ಪ್ರಶ್ನೆಯನ್ನು ಹೊಸ ತಲೆಮಾರಿನ ಕಿವಿಗೆ ಹಾಕುವ ಕನ್ನಡ ಆಲ್ಬಮ್ಮಿಗಾಗಿ ನಾನು ಕಾದಿದ್ದೇನೆ.

ಅಂಥದ್ದಕ್ಕೆ ಸಂದರ್ಭ ಕಡಿಮೆಯಿಲ್ಲ. ಭದ್ರಾವತಿಯ ಕಾಗದದ ಕಾರ್ಖಾನೆ ನಿಂತುಹೋಗಿ ವರ್ಷಗಳಾದವು. 2023ರ ಜನವರಿಯಲ್ಲಿ ವಿಐಎಸ್‌ಎಲ್, ಅಂದರೆ ಅದೇ ಹಳೆಯ ಕಬ್ಬಿಣದ ಕಾರ್ಖಾನೆ, ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ಮುಂದೆ ಧರಣಿ ಕೂತರು. ನೂರು ವರ್ಷ ತುಂಬಿದ ಕಾರ್ಖಾನೆಯ ಗೇಟಿನ ಮುಂದೆ ಹೊಸ ಹಾಡು ಹುಟ್ಟಬೇಕಾಗಿತ್ತು. ಇತ್ತ ಶಿವಮೊಗ್ಗದ ಬೀದಿಗಳಲ್ಲಿ ಈಗ ಮೆರವಣಿಗೆ ಎಂದರೆ ಮೊದಲು ನೆನಪಾಗುವುದು ಡಿಜೆ. ಧರ್ಮದ ಹೆಸರಿನ ಮೆರವಣಿಗೆಗಳಲ್ಲಿ ಲಾರಿಯ ಮೇಲೆ ಪೇರಿಸಿದ ಸ್ಪೀಕರು, ಎದೆ ನಡುಗಿಸುವ ಸದ್ದು, ಎದುರಿನವರನ್ನು ಕೆಣಕುವ ಹಾಡು. ಪೊಲೀಸರು ನಿರ್ಬಂಧ ಹಾಕಬೇಕಾದ ಮಟ್ಟಿಗೆ ಅದು ಬೆಳೆದಿದೆ. ಡಿಜೆಯೂ ರಾಜಕೀಯ ಸಂಗೀತವೇ, ಅದನ್ನು ಮರೆಯಬಾರದು. ಅಲ್ಲಿ ಒಬ್ಬ ಗುಂಡಿ ಒತ್ತುತ್ತಾನೆ, ಸಾವಿರಾರು ಜನ ಕುಣಿಯುತ್ತಾರೆ. ಸೊಲ್ಲು ಹಿಡಿಯುವ ಕೆಲಸ ಯಾರಿಗೂ ಇಲ್ಲ. ಪಕ್ಕದವನ ದನಿ ಕೇಳಿಸುವುದೂ ಇಲ್ಲ. ಸೊಲ್ಲಿನ ಹಾಡಿನಲ್ಲಿ ಹಿಂದಿನ ಸಾಲಿನವನು ತಪ್ಪಿದರೆ ಮುಂದಿನವನು ತಿರುಗಿ ನೋಡಿ ಕಾಯುತ್ತಿದ್ದ. ಆ ಕಾಯುವಿಕೆಯಲ್ಲಿ ಒಂದು ಬಗೆಯ ಪ್ರಜಾಪ್ರಭುತ್ವ ಇತ್ತು ಎಂದು ಹೇಳಲು ನನಗೆ ಸಂಕೋಚವಿಲ್ಲ.

ತಮಟೆಯೂ ಬದಲಾಗುತ್ತಿದೆ. ಚರ್ಮದ ಜಾಗಕ್ಕೆ ಫೈಬರ್ ಹಾಳೆ ಬಂದಿದೆ. ಕಾಯಿಸುವ ಕೆಲಸವಿಲ್ಲ, ಮಳೆಯ ಹೆದರಿಕೆಯಿಲ್ಲ, ಆದರೆ ನಾದ ಒಂದೇ ಸಮ ಚೀರು. ತಮಟೆ ಕಲಿತ ಹೆಣ್ಣುಮಕ್ಕಳ ತಂಡಗಳು ವೇದಿಕೆಗೆ ಬರುತ್ತಿವೆ, ಸಂಭಾವನೆಯನ್ನು ಮೊದಲೇ ಮಾತಾಡಿ ಬರುತ್ತವೆ. ಬಿಟ್ಟಿಯಾಗಿ ಬಾರಿಸಿದವರ ಮೊಮ್ಮಕ್ಕಳು ದರ ಹೇಳುವುದನ್ನು ಕೇಳಿದಾಗ ನನಗೆ ಸಂತೋಷವಾಗುತ್ತದೆ. ಅದೇ ಕೇರಿಯ ಇನ್ನೊಂದು ಮನೆಯ ಹುಡುಗ ತಮಟೆ ಮುಟ್ಟುವುದೇ ಇಲ್ಲ ಎಂದರೆ ಅದೂ ಸರಿಯೇ. ಈ ಇಬ್ಬರ ವಾದ ಮುಗಿದಿಲ್ಲ. ಅದನ್ನು ಹೊರಗಿನವರು ತೀರ್ಮಾನ ಮಾಡಿ ಮುಗಿಸುವ ಹಾಗೂ ಇಲ್ಲ.

ತುರ್ತಾಗಿ ಆಗಬೇಕಾದ ಕೆಲಸ ಒಂದಿದೆ. 70ರ ದಶಕದ ಸಭೆಗಳಲ್ಲಿ ಹಾಡಿದ, ಬಾರಿಸಿದ ಹಿರಿಯರು ಭದ್ರಾವತಿ, ಶಿವಮೊಗ್ಗದ ಕೇರಿ-ಬಡಾವಣೆಗಳಲ್ಲಿ ಇನ್ನೂ ಇದ್ದಾರೆ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಭದ್ರಾವತಿಯಲ್ಲಿ ಆಕಾಶವಾಣಿ ಇದೆ. ಅವರ ದನಿಯನ್ನು ಹೆಸರು, ಊರು, ಎತ್ತಿಕೊಟ್ಟವರು, ಸೊಲ್ಲು ಹಿಡಿದವರು ಎಲ್ಲದರ ಸಮೇತ ದಾಖಲಿಸಿಕೊಳ್ಳಬೇಕು. ಸ್ಟುಡಿಯೋದ ಗಾಜಿನ ಕೋಣೆಗೆ ಒಬ್ಬೊಬ್ಬರನ್ನೇ ಕರೆದು ಹಾಡಿಸಿ, ಹಿಂದೆ ಕೀಬೋರ್ಡ್ ಸೇರಿಸಿ ಚಂದ ಮಾಡುವುದು ಬೇಡ. ಬಯಲಲ್ಲಿ, ಹಿಂದಿನ ಸಾಲು ಒಂದು ಪದ ತಡವಾಗಿ ಬರುವ ಹಾಗೆ, ತಮಟೆ ಕಾಯಿಸುವಾಗ ಬೆರಳು ತಟ್ಟುವ ಸದ್ದಿನಿಂದಲೇ ಶುರುಮಾಡಿ ಧ್ವನಿಮುದ್ರಿಸಬೇಕು.